ಬಾಣಲೆಯ ಮಸಿಗೂ ಒಂದು ಕಥೆ

ಬಿಜೂರಿನ ಕಡೆ ಯಕ್ಷಗಾನಕ್ಕೆ ಹೋಗುವವರು ಕಥೆಯ ಕೊನೆ ತಿಳಿಯಲು ಹೋಗುವುದಿಲ್ಲ. ಗದಾಯುದ್ಧದಲ್ಲಿ ಕೌರವ ಬೀಳುವುದು ಮಕ್ಕಳಿಗೂ ಗೊತ್ತು. ಇವತ್ತಿನ ಕೌರವ ಏನು ಮಾತಾಡುತ್ತಾನೆ ಎಂದು ಕೇಳಲು ಹೋಗುತ್ತಾರೆ. ವಿಡಿಯೋ ಗೇಮ್ ಆರಿಸುವಾಗಲೂ ನನ್ನ ಅಳತೆ ಅದೇ. ಆ ಅಳತೆಗೆ ಪೂರ್ತಿ ನಿಲ್ಲುವುದು 2015ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ತಂದ ‘ದಿ ವಿಚರ್ 3’.

ಅದರಲ್ಲಿ ವೆಲೆನ್ ಎಂಬ ಜೌಗು ಸೀಮೆಯಿದೆ. ಗಾಳಿ ಎದ್ದರೆ ಮರಗಳು ಬುಡದಿಂದ ತುದಿವರೆಗೆ ಹೊಯ್ದಾಡುತ್ತವೆ. ದಾರಿಬದಿಯಲ್ಲಿ ಯುದ್ಧ ಬಿಟ್ಟುಹೋದ ಹೆಣಗಳು. ಅಲ್ಲೊಬ್ಬ ಬ್ಯಾರನ್, ಕುಡಿದು ಹೆಂಡತಿಗೆ ಹೊಡೆದವನು. ಅವಳೂ ಮಗಳೂ ಕಾಣೆಯಾಗಿದ್ದಾರೆ. ಹುಡುಕುತ್ತ ಹೋದರೆ ಗುಡ್ಡದಡಿಯ ಬೇರುಗಳಲ್ಲಿ ಸೆರೆಯಾದ ಒಂದು ಆತ್ಮ ಸಿಗುತ್ತದೆ. ಬಿಡಿಸಿದರೆ ಜೌಗಿನಲ್ಲಿರುವ ಅನಾಥ ಮಕ್ಕಳು ಉಳಿಯುತ್ತಾರೆ, ಆದರೆ ಹೆಂಡತಿ ಸಾಯುತ್ತಾಳೆ, ಬ್ಯಾರನ್ ನೇಣು ಹಾಕಿಕೊಳ್ಳುತ್ತಾನೆ. ಕೊಂದರೆ ಮಕ್ಕಳಿಲ್ಲ, ಬುದ್ಧಿ ಕಳೆದುಕೊಂಡ ಹೆಂಡತಿಯನ್ನು ಅವನು ಮದ್ದು ಹುಡುಕಿ ದೂರದ ಬೆಟ್ಟಗಳಿಗೆ ಕರೆದೊಯ್ಯುತ್ತಾನೆ. ಯಾವುದು ಸರಿ ಎಂದು ಆಟ ಹೇಳುವುದೇ ಇಲ್ಲ. ಫಲ ಕಾಣುವುದೂ ತಡವಾಗಿ, ನಾವು ಬಹಳ ದೂರ ಬಂದ ಮೇಲೆ. ಹಾಗಾಗಿ ಎರಡನೇ ಸಲ ಆಡುವಾಗ ಅದೇ ಗುಡ್ಡದ ಮುಂದೆ ಕೈ ನಡುಗುತ್ತದೆ. ಎಂಥ ಬರವಣಿಗೆ!

ದೊಡ್ಡ ಕಥೆಗಿಂತಲೂ ಒಂದು ಸಣ್ಣ ಕೆಲಸ ನನಗೆ ಹೆಚ್ಚು ಇಷ್ಟ. ಮುದುಕಿಯೊಬ್ಬಳು ತನ್ನ ಬಾಣಲೆ ಹುಡುಕಿಕೊಡು ಎನ್ನುತ್ತಾಳೆ. ಸಿಕ್ಕಿದ ಬಾಣಲೆ ತಳತಳ ಹೊಳೆಯುತ್ತಿದೆ: ಒಯ್ದವನು ಶಾಯಿ ಮಾಡಲೆಂದು ಅದರ ಮಸಿಯನ್ನೆಲ್ಲ ಕೆರೆದಿದ್ದಾನೆ.