ಪ್ಯಾಡ್ ಕೊಡಿ, ಪಾಕೆಟ್ ಕೊಡಿ

ಬೆಂಗಳೂರಿನ ಯಾವುದಾದರೂ ಹಳೇ ಬಡಾವಣೆಯ ಮುಖ್ಯರಸ್ತೆಯಲ್ಲಿ ನಿಂತು ತಲೆ ಎತ್ತಿ ನೋಡಿ. ಕೆಳಗೆ ಬೇಕರಿ, ಅದರ ಮೇಲೆ ಟೈಲರ್ ಅಂಗಡಿ, ಎರಡನೇ ಮಹಡಿಯಲ್ಲಿ ಒಂದು ಕ್ಯಾಡ್ ಟ್ರೈನಿಂಗ್ ಸೆಂಟರ್. ಬೋರ್ಡಿನ ಮೇಲೆ ನೀಲಿ ಬಣ್ಣದ ಇಂಜಿನ್ನಿನ ಚಿತ್ರ, ಪಕ್ಕದಲ್ಲಿ ಹೆಸರುಗಳ ಸಾಲು: ಆಟೋಕ್ಯಾಡ್, ಸಾಲಿಡ್‌ವರ್ಕ್ಸ್, ಕ್ಯಾಟಿಯಾ, ಎನ್‌ಎಕ್ಸ್, ಕ್ರಿಯೋ, ಆನ್ಸಿಸ್. ಕೊನೆಯಲ್ಲಿ 'ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್'. ಅಸಿಸ್ಟೆನ್ಸ್ ಅನ್ನೋ ಪದದ ಮೇಲೆ ಬೆರಳಿಟ್ಟು ಓದಬೇಕು. ಕೆಲಸ ಕೊಡಿಸ್ತೀವಿ ಅಂತ ಅಲ್ಲಿ ಎಲ್ಲೂ ಬರೆದಿರಲ್ಲ.

ನೂರೈವತ್ತು ರೂಪಾಯಿ ಬಿರಿಯಾನಿಗೆ, ಎರಡೂವರೆ ಗಂಟೆ ಸಿನಿಮಾಕ್ಕೆ ವಿಮರ್ಶೆ ಬರೆಯೋ ಜನ ನಾವು. ಹತ್ತಾರು ಸಾವಿರ ರೂಪಾಯಿ ಮತ್ತು ಮೂರರಿಂದ ಆರು ತಿಂಗಳು ನುಂಗೋ ಈ ಕೋರ್ಸುಗಳ ಬಗ್ಗೆ ಮಾತ್ರ ಯಾರಾದರೂ ಕೂತು ಬರೆದಿದ್ದನ್ನ ನಾನು ನೋಡಿಲ್ಲ. ಆ ದುಡ್ಡು ಎಷ್ಟೋ ಮನೆಗಳಲ್ಲಿ ಅಪ್ಪ ಅಡಿಕೆ ಮಾರಿದ್ದು, ಅಮ್ಮ ಚೀಟಿ ಎತ್ತಿದ್ದು. ನಾನು ಹದಿನಾಲ್ಕು ವರ್ಷದಿಂದ ಮೆಷಿನ್ ಡಿಸೈನ್ ಕೆಲಸದಲ್ಲಿದ್ದೀನಿ. ಹೊಸಬರನ್ನ ಇಂಟರ್‌ವ್ಯೂ ಮಾಡೋದೂ ಆ ಕೆಲಸದ ಒಂದು ಭಾಗ, ಹಾಗಾಗಿ ಈ ಸೆಂಟರುಗಳಿಂದ ಹೊರಗೆ ಬಂದವರನ್ನ ಬೇಕಾದಷ್ಟು ನೋಡಿದ್ದೀನಿ. ಒಳಗೆ ಏನು ನಡೆಯತ್ತೆ ಅಂತ ಗೊತ್ತಾಗಿದ್ದು ಹೋದ ವರ್ಷ, ಚಿಕ್ಕಮ್ಮನ ಮಗ ಕೋರ್ಸಿಗೆ ಸೇರೋಕೆ ಹೊರಟಾಗ. ಒಂದೇ ತಿಂಗಳಲ್ಲಿ ಅವನ ಜೊತೆ ನಾಲ್ಕು ಕಡೆ ಡೆಮೊ ಕ್ಲಾಸಿಗೆ ಕೂತೆ.

ನಾಲ್ಕೂ ಕಡೆ ಹೆಚ್ಚುಕಮ್ಮಿ ಒಂದೇ ಪಾಠ. ಎಸಿ ರೂಮು, ಹದಿನೈದು ಕಂಪ್ಯೂಟರು, ಮುಂದೆ ಪ್ರೊಜೆಕ್ಟರು. ಟ್ರೈನರಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು; ಸ್ವಲ್ಪ ದಿನದ ಹಿಂದೆ ಇದೇ ಕುರ್ಚಿಗಳಲ್ಲಿ ಕೂತು ಕಲಿತವರು. ಒಂದು ಚೌಕ ಬರೆಯಿರಿ, 'ಪ್ಯಾಡ್ ಕೊಡಿ'. ಚೌಕ ಎದ್ದು ಡಬ್ಬ ಆಗತ್ತೆ. ಡಬ್ಬದ ಮೇಲೆ ವೃತ್ತ ಬರೆಯಿರಿ, 'ಪಾಕೆಟ್ ಕೊಡಿ'. ತೂತು ಬೀಳತ್ತೆ. ಅಂಚು ಸೆಲೆಕ್ಟ್ ಮಾಡಿ, 'ಫಿಲೆಟ್ ಕೊಡಿ'. ಅಂಚು ದುಂಡಗಾಗತ್ತೆ. ಇಡೀ ಕ್ಲಾಸಿಗೆ ಇದ್ದ ಕ್ರಿಯಾಪದ ಒಂದೇ, ಕೊಡಿ. ಎಷ್ಟು ಕೊಡಬೇಕು? ಶೀಟಿನಲ್ಲಿ 5 ಅಂತಿದೆ, 5 ಕೊಡಿ. ಯಾಕೆ 5? ಆ ಪ್ರಶ್ನೆಯನ್ನ ನಾಲ್ಕು ಕಡೆಯೂ ಯಾರೂ ಕೇಳಲಿಲ್ಲ, ಕೇಳಿ ಅಂತ ಯಾರೂ ಹೇಳಲೂ ಇಲ್ಲ.

ಕೋರ್ಸಿನ ಕೊನೆಗೆ ಪ್ರಾಜೆಕ್ಟ್ ಇರತ್ತೆ. ಪ್ಲಮ್ಮರ್ ಬ್ಲಾಕ್, ಸ್ಕ್ರೂ ಜ್ಯಾಕ್, ಲೇಥಿನ ಟೈಲ್‌ಸ್ಟಾಕ್. ವಿಟಿಯುನಲ್ಲಿ ಮೆಕ್ಯಾನಿಕಲ್ ಓದಿದವರು ಈ ಹೆಸರು ಕೇಳಿದರೆ ನಗ್ತಾರೆ, ಯಾಕಂದ್ರೆ ಮೆಷಿನ್ ಡ್ರಾಯಿಂಗ್ ಪೇಪರಿಗೆ ಓದಿದ್ದೇ ಇವನ್ನ. ಕಾಲೇಜಲ್ಲಿ ಒಮ್ಮೆ ನೋಡಿ ಬರೆದಿದ್ದನ್ನ ಇಲ್ಲಿ ದುಡ್ಡು ಕೊಟ್ಟು ಇನ್ನೊಮ್ಮೆ ನೋಡಿ ಬರೆಯೋದು. ಅಳತೆಗಳನ್ನೆಲ್ಲ ಮೊದಲೇ ಯಾರೋ ನಿರ್ಧರಿಸಿಟ್ಟಿರೋ ಚಿತ್ರವನ್ನ ಪರದೆಗೆ ಏರಿಸೋದು ಡಿಸೈನ್ ಅಲ್ಲ, ಟೈಪಿಂಗ್. ನಮ್ಮೂರಿನ ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ಪಾಪ, ಟೈಪಿಂಗ್ ಅಂತಲೇ ಬೋರ್ಡು ಹಾಕ್ಕೊಂಡಿದ್ವು. 'ಮಾಸ್ಟರ್ ಡಿಪ್ಲೊಮಾ ಇನ್ ಸಾಹಿತ್ಯ' ಅಂತ ಬರ್ಕೊಂಡಿರಲಿಲ್ಲ.

ವಿಚಿತ್ರ ಏನಂದ್ರೆ, ಈ ಸಾಫ್ಟ್‌ವೇರುಗಳು ಹುಟ್ಟಿದ್ದು ಆಕಾರ ಬರೆಯೋದಕ್ಕೆ ಮಾತ್ರ ಅಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ತನ್ನ ಪಿಎಚ್‌ಡಿಗೆ ಸ್ಕೆಚ್‌ಪ್ಯಾಡ್ ಅನ್ನೋ ಪ್ರೋಗ್ರಾಮ್ ಬರೆದ. ಪರದೆಯ ಮೇಲೆ ಬೆಳಕಿನ ಪೆನ್ನಿಂದ ಗೆರೆ ಎಳೆಯಬಹುದಿತ್ತು. ಅದಕ್ಕಿಂತ ದೊಡ್ಡ ವಿಷಯ, ಈ ಎರಡು ಗೆರೆ ಯಾವಾಗಲೂ ಸಮಾಂತರ ಇರಲಿ, ಇದಕ್ಕೆ ಅದು ಲಂಬವಾಗಿರಲಿ ಅಂತ ಕಂಪ್ಯೂಟರಿಗೆ ಹೇಳಬಹುದಿತ್ತು. ಅಂದ್ರೆ ಮೊದಲ ದಿನದಿಂದಲೇ ಅದರೊಳಗೆ ಇದ್ದಿದ್ದು ಸಂಬಂಧಗಳು. 1988ರಲ್ಲಿ ಬಂದ ಪ್ರೊ-ಇಂಜಿನಿಯರ್ (ಇವತ್ತಿನ ಕ್ರಿಯೋದ ಅಪ್ಪ) ಆ ಯೋಚನೆಯನ್ನೇ ತ್ರೀಡಿ ಮಾಡೆಲ್ಲಿಗೆ ತಂದು ಉದ್ಯಮದ ದಾರಿಯನ್ನೇ ಬದಲಿಸ್ತು. ಒಂದು ಅಳತೆ ಬದಲಾಯಿಸಿದ್ರೆ ಅದನ್ನ ನಂಬ್ಕೊಂಡಿರೋ ಎಲ್ಲವೂ ತಾನಾಗೇ ಬದಲಾಗಬೇಕು. ಈ ಸಂಬಂಧಗಳನ್ನ ಯೋಚಿಸಿ ಕಟ್ಟೋದಕ್ಕೆ ನಮ್ಮ ಕಸುಬಿನಲ್ಲಿ ಡಿಸೈನ್ ಇಂಟೆಂಟ್ ಅಂತಾರೆ. ಡಿಸೈನರ್ ತಲೆಯಲ್ಲಿದ್ದ ಉದ್ದೇಶ, ಅಷ್ಟೇ.

ಇಂಟರ್‌ವ್ಯೂನಲ್ಲಿ ನಾನು ಅದನ್ನೊಂದೇ ನೋಡೋದು. ಅವರೇ ಮಾಡ್ಕೊಂಡು ಬಂದ ಮಾಡೆಲ್ ತೆರೀರಿ ಅಂತೀನಿ. ನೋಡೋಕೆ ಚೆನ್ನಾಗೇ ಇರತ್ತೆ, ಬಣ್ಣ ಬೇರೆ ಹಾಕಿರ್ತಾರೆ. 'ಈ ಪ್ಲೇಟಿನ ಉದ್ದ 100 ಇದೆಯಲ್ಲ, 140 ಮಾಡಿ' ಅಂತೀನಿ. ಮಾಡ್ತಾರೆ. ಮಧ್ಯದಲ್ಲಿದ್ದ ತೂತು ಮಧ್ಯದಲ್ಲಿ ಉಳಿಯಲ್ಲ, ಎಡಕ್ಕೆ ಹೋಗಿರತ್ತೆ, ಫಿಲೆಟ್ ಹಾರಿಹೋಗತ್ತೆ, ಪಕ್ಕದ ಪಟ್ಟಿಯಲ್ಲಿ ಸಾಲಾಗಿ ಕೆಂಪು ಗುರುತುಗಳು. ಯಾಕೆ ಅಂದ್ರೆ ತೂತು ಮಧ್ಯದಲ್ಲಿರಲಿ ಅಂತ ಅವರು ಯಾವತ್ತೂ ಹೇಳಿರಲೇ ಇಲ್ಲ, ಎಡ ಅಂಚಿನಿಂದ 50 'ಕೊಟ್ಟಿದ್ರು'. ಕೆಲವರ ಸ್ಕೆಚ್ ಅಂತೂ ಅರ್ಧ ನೀಲಿಯಾಗೇ ಇರತ್ತೆ. ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಅಂದ್ರೆ ಆ ಗೆರೆ ಎಲ್ಲಿರಬೇಕು ಅನ್ನೋದು ಇನ್ನೂ ಪೂರ್ತಿ ತೀರ್ಮಾನ ಆಗಿಲ್ಲ ಅಂತ. ಪೂರ್ತಿ ತೀರ್ಮಾನ ಆದಮೇಲೆ ಕಪ್ಪಾಗತ್ತೆ. ಕ್ಯಾಟಿಯಾದಲ್ಲಿ ಹಸಿರಾಗತ್ತೆ. ಮೂರು ತಿಂಗಳು ಆ ಬಣ್ಣ ಕಣ್ಣೆದುರಿಗೇ ಇದ್ದರೂ ಅದೇನು ಹೇಳ್ತಿದೆ ಅಂತ ಅವರಿಗೆ ಯಾರೂ ಹೇಳಿಲ್ಲ. ಹುಡುಗರ ಬುದ್ಧಿಗೆ ಏನೂ ಕೊರತೆಯಿಲ್ಲ. ಎರಡು ವಾರ ಕೂರಿಸಿಕೊಂಡು ಹೇಳಿದರೆ ಕಲೀತಾರೆ. ಹಾಗಾದರೆ ಆ ಮೂರು ತಿಂಗಳು ಏನಾಯ್ತು ಅನ್ನೋದೇ ನನ್ನ ತಕರಾರು.

ಇನ್ನು ಪರದೆಯಿಂದ ಹೊರಗೆ ಬರೋಣ. ಪರದೆಯ ಮೇಲೆ ಒಂದು ಚೌಕ ಗುಂಡಿ ತೋಡಿ, ಒಳಮೂಲೆಗಳನ್ನ ಚೂಪಾಗಿ ಬಿಟ್ಟರೆ ಸಾಫ್ಟ್‌ವೇರ್ ಏನೂ ಅನ್ನಲ್ಲ. ಅದೇ ಡ್ರಾಯಿಂಗ್ ಪೀಣ್ಯದ ಒಂದು ಮಿಲ್ಲಿಂಗ್ ಶಾಪಿಗೆ ಹೋದರೆ ಹತ್ತು ನಿಮಿಷದಲ್ಲಿ ಫೋನ್ ಬರತ್ತೆ: 'ಸಾರ್, ಕಟರ್ ದುಂಡಗಿದೆ, ಮೂಲೆ ಹೆಂಗ್ ಚೌಕ ಮಾಡ್ಲಿ?' ಸರಿ, 1 ಮಿಲಿಮೀಟರ್ ರೇಡಿಯಸ್ ಇಟ್ಕೊಳ್ಳಿ ಅಂತೀರಾ? ಗುಂಡಿ 40 ಮಿಲಿಮೀಟರ್ ಆಳ ಇದ್ದರೆ, 2 ಮಿಲಿಮೀಟರ್ ದಪ್ಪದ ಕಡ್ಡಿಯಂಥ ಕಟರನ್ನ 40 ಆಳಕ್ಕೆ ಇಳಿಸಬೇಕು. ಅದು ನಡುಗಿ ಮುರಿಯತ್ತೆ. ರೇಡಿಯಸ್ 6 ಮಾಡಿದ್ರೆ ಅರ್ಧ ಗಂಟೆ ಕೆಲಸ. ಚೂಪು ಮೂಲೆಯೇ ಬೇಕು ಅಂದ್ರೆ ಇಡಿಎಂ ಮೆಷಿನ್ನಿಗೆ ಕಳಿಸಬೇಕು, ಖರ್ಚು ಎಷ್ಟೋ ಪಟ್ಟು ಏರತ್ತೆ. ಈಗ ಹೇಳಿ, ಫಿಲೆಟ್ 5 ಯಾಕೆ ಅನ್ನೋ ಪ್ರಶ್ನೆ ಕೇಳಬೇಕಿತ್ತೋ ಬೇಡವೋ?

ತೂತಿಗೂ ಶಾಫ್ಟಿಗೂ ಇರೋ ನಂಟನ್ನ ನಮ್ಮ ಶಾಪ್‌ಗಳಲ್ಲಿ 'ಕೂರೋದು' ಅಂತಾರೆ. ಬೇರಿಂಗ್ ಕೂರ್ತು, ಬುಶ್ ಕೂರಲ್ಲ. ಚಂದದ ಮಾತು. ಪುಸ್ತಕದಲ್ಲಿ ಇದು 25 ಎಚ್7/ಜಿ6 ಅಂತಿರತ್ತೆ: ತೂತು 25.000ರಿಂದ 25.021ರ ಒಳಗೆ, ಶಾಫ್ಟ್ 24.980ರಿಂದ 24.993ರ ಒಳಗೆ. ಮಧ್ಯೆ ಉಳಿಯೋ ಜಾಗ ಕನಿಷ್ಠ 7 ಮೈಕ್ರಾನ್, ಹೆಚ್ಚಂದ್ರೆ 41. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಅಷ್ಟು ಸಣ್ಣ ಸಂದಿಯಲ್ಲಿ ಒಂದು ಮೆಷಿನ್ನಿನ ಆಯಸ್ಸು ಕೂತಿರತ್ತೆ. ಮಾಡೆಲ್ಲಿನಲ್ಲಿ ಮಾತ್ರ ತೂತೂ 25, ಶಾಫ್ಟೂ 25, ಎರಡೂ ಹಾಯಾಗಿ ಒಂದರೊಳಗೊಂದು ಇರತ್ತೆ. ಹಾಗಾಗಿ ಕೋರ್ಸು ಮುಗಿಸಿದವರು ಒಂದೋ ಟಾಲರೆನ್ಸ್ ಬರೆಯೋದೇ ಇಲ್ಲ, ಇಲ್ಲಾ ಯಾಕಿರಲಿ ಅಂತ ಎಲ್ಲ ಅಳತೆಗೂ ಬಿಗಿ ಟಾಲರೆನ್ಸ್ ಬರೀತಾರೆ. ಎರಡನೆಯದು ಇನ್ನೂ ದುಬಾರಿ. ಐಎಸ್‌ಒ 2768ರ ಮಧ್ಯಮ ದರ್ಜೆಯಲ್ಲಿ 100 ಮಿಲಿಮೀಟರ್ ಉದ್ದಕ್ಕೆ ಆಚೀಚೆ 0.3 ಬಿಟ್ಟರೂ ನಡೆಯೋ ಕಡೆ 0.01 ಬರೆದರೆ, ಸುಮ್ಮನೆ ಗ್ರೈಂಡಿಂಗಿಗೆ ದುಡ್ಡು ಸುರಿದ ಹಾಗೆ. ನಾನು ನೋಡಿದ ಸಿಲಬಸ್‌ಗಳಲ್ಲಿ ಇದಕ್ಕೆಲ್ಲ ಸಿಕ್ಕಿದ್ದು ಕೊನೇ ವಾರದ ಒಂದು ಕ್ಲಾಸು. ಫಸ್ಟ್ ಆಂಗಲ್, ಥರ್ಡ್ ಆಂಗಲ್ ಪ್ರೊಜೆಕ್ಷನ್ ಕೂಡ ಅದರಲ್ಲೇ. ನಮ್ಮಲ್ಲಿ ಕಲಿಸೋದು ಫಸ್ಟ್ ಆಂಗಲ್, ಅಮೆರಿಕದ ಕ್ಲೈಂಟ್ ಕಳಿಸೋದು ಥರ್ಡ್ ಆಂಗಲ್. ಮೂಲೆಯಲ್ಲಿರೋ ಆ ಪುಟ್ಟ ಚಿಹ್ನೆ ನೋಡದೆ ಓದಿದರೆ ಎಡಗೈ ಬ್ರಾಕೆಟ್ ಬಲಗೈ ಆಗಿ ಬರತ್ತೆ.

ಬದಲಿಗೆ ಸಿಗೋದು ಇನ್ನೊಂದು ಸಾಫ್ಟ್‌ವೇರ್. ಕ್ಯಾಟಿಯಾದ ಪ್ಯಾಡ್ ಅಂದ್ರೆ ಎನ್‌ಎಕ್ಸ್‌ನ ಎಕ್ಸ್‌ಟ್ರೂಡ್, ಸಾಲಿಡ್‌ವರ್ಕ್ಸ್‌ನಲ್ಲಿ ಎಕ್ಸ್‌ಟ್ರೂಡೆಡ್ ಬಾಸ್. ಐದು ದರ್ಶಿನಿಯಲ್ಲಿ ಐದು ಹೆಸರಿನ ಅದೇ ಸಾಂಬಾರ್. ಒಂದನ್ನ ಸರಿಯಾಗಿ ಕಲಿತವರಿಗೆ ಇನ್ನೊಂದಕ್ಕೆ ಕೈ ಕೂರೋಕೆ ಕೆಲವು ವಾರ ಸಾಕು. ಆದರೆ ರೆಸ್ಯೂಮೆಯಲ್ಲಿ ಒಂದು ಹೆಸರಿಗಿಂತ ಐದು ಹೆಸರು ಚೆಂದ ಕಾಣತ್ತೆ, ಫೀಸೂ ಐದರದ್ದಾಗತ್ತೆ.

ಬರೀ ಸೆಂಟರುಗಳನ್ನ ಬೈದರೆ ಅರ್ಧ ಸತ್ಯ. ಕಂಪನಿಗಳ ಜಾಹೀರಾತು ತೆಗೆದು ನೋಡಿ: 'ಕ್ಯಾಟಿಯಾ ವಿ5 ಕಡ್ಡಾಯ'. 'ಟಾಲರೆನ್ಸ್ ಯೋಚಿಸಬಲ್ಲವರು ಬೇಕು' ಅಂತ ಬರೆದಿದ್ದು ಅಪರೂಪ. ರೆಸ್ಯೂಮೆ ಸೋಸೋರು ಹುಡುಕೋದು ಸಾಫ್ಟ್‌ವೇರಿನ ಹೆಸರನ್ನ, ಸೆಂಟರು ಮಾರೋದು ಅದೇ ಹೆಸರನ್ನ. ಮಧ್ಯದಲ್ಲಿರೋ ಹುಡುಗಿಗೆ ಎರಡು ಕಡೆಯೂ ಬೇರೆ ದಾರಿ ಕಾಣಲ್ಲ. ಕಾಲೇಜಿಗಂತೂ ವರ್ಕ್‌ಶಾಪ್ ಅಂದ್ರೆ ರೆಕಾರ್ಡ್ ಬುಕ್ಕಿಗೆ ಸಹಿ.

ಸೆಂಟರುಗಳಿಂದ ಉಪಯೋಗವೇ ಇಲ್ಲ ಅಂದರೂ ಸುಳ್ಳಾಗತ್ತೆ. ಗದಗದಿಂದಲೋ ಚಿತ್ರದುರ್ಗದಿಂದಲೋ ಬಂದು ಪಿಜಿಯಲ್ಲಿ ಇರೋರಿಗೆ ದಿನಕ್ಕೆ ಮೂರು ಗಂಟೆ ಒಳ್ಳೇ ಕಂಪ್ಯೂಟರ್ ಮುಂದೆ ಕೂರೋಕೆ ಜಾಗ ಸಿಗತ್ತೆ. ಮೌಸ್ ಹಿಡಿದ ಕೈಗೆ ವೇಗ ಬರತ್ತೆ. ನಾನೂ ಅಂಥವರನ್ನ ಕೆಲಸಕ್ಕೆ ತಗೊಂಡಿದ್ದೀನಿ, ಚೆನ್ನಾಗಿ ಬೆಳೆದಿದ್ದಾರೆ. ಟ್ರೈನರುಗಳ ಬಗ್ಗೆಯೂ ನನಗೆ ಸಿಟ್ಟಿಲ್ಲ. ಅವರು ತಮಗೆ ಸಿಕ್ಕಿದ್ದನ್ನೇ ಮುಂದೆ ದಾಟಿಸ್ತಿದ್ದಾರೆ.

ಇದಕ್ಕಿಂತ ಒಳ್ಳೇದಾಗಿ ಕಲಿಸೋಕೆ ಆಗತ್ತಾ? ರಾಜಾಜಿನಗರದಲ್ಲಿ ಸರ್ಕಾರಿ ಟೂಲ್‌ರೂಮ್, ಅಂದ್ರೆ ಜಿಟಿಟಿಸಿ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾಯ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಮಾಡಿದವರಿಗೆ ಕ್ಯಾಡ್ ಬರೋದರ ಜೊತೆಗೆ, ಲೋಹ ಹೇಗೆ ವರ್ತಿಸತ್ತೆ ಅಂತ ಕೈಗೇ ಗೊತ್ತಿರತ್ತೆ. ನನ್ನ ಜೊತೆ ಕೆಲಸ ಮಾಡಿದ ಒಳ್ಳೇ ಡಿಸೈನರುಗಳಲ್ಲಿ ಹಲವರು ಬಿಇ ಅಲ್ಲ, ಅಲ್ಲಿಂದ ಬಂದವರು. ಸಂಬಳದಲ್ಲಿ ಮಾತ್ರ ಇದು ಕಾಣಲ್ಲ, ಅದು ಬೇರೆ ಜಗಳ.

ಅಷ್ಟು ವರ್ಷ ಇಲ್ಲದವರಿಗೂ ದಾರಿ ಇದೆ ಅಂತ ನಂಬಿದ್ದು ಇನ್ನೊಂದು ಕಡೆ. ಟೂಲ್‌ರೂಮಿನಿಂದ ನಿವೃತ್ತರಾದ ಒಬ್ಬರು ಪೀಣ್ಯದ ಹತ್ತಿರ ತಮ್ಮ ಮನೆಯ ಮಹಡಿಯಲ್ಲಿ ಭಾನುವಾರ ಎಂಟು ಜನಕ್ಕೆ ಪಾಠ ಹೇಳ್ತಾರೆ. ಬೋರ್ಡಿಲ್ಲ, ಎಸಿಯೂ ಇಲ್ಲ. ಮೊದಲ ವಾರ ಕೈಗೆ ಕೊಡೋದು ಒಂದು ವರ್ನಿಯರ್ ಮತ್ತು ಮಿಕ್ಸಿ ಜಾರಿನ ಸವೆದ ಕಪ್ಲರ್. ಅಳೆಯಿರಿ, ಮಾಡೆಲ್ ಮಾಡಿ, ಇದನ್ನ ಯಾಕೆ ಉಕ್ಕಿನಲ್ಲಿ ಮಾಡಿಲ್ಲ ಅಂತ ಯೋಚಿಸಿ. (ಏನಾದರೂ ಸಿಕ್ಕಿಹಾಕ್ಕೊಂಡಾಗ ಮೊದಲು ಸವೆಯಬೇಕಾದ್ದು ಅಗ್ಗದ ಕಪ್ಲರ್, ಮೋಟರ್ ಅಲ್ಲ.) ಆಮೇಲೆ ಒಬ್ಬರ ಡ್ರಾಯಿಂಗನ್ನ ಇನ್ನೊಬ್ಬರಿಗೆ ಕೊಡ್ತಾರೆ. ಅವರು ಬರೀ ಆ ಹಾಳೆ ನೋಡಿ ಮತ್ತೆ ಮಾಡೆಲ್ ಮಾಡಬೇಕು, ಮಾತಾಡೋ ಹಾಗಿಲ್ಲ. ಏನಾದರೂ ಕೇಳಲೇಬೇಕಾಗಿ ಬಂದರೆ, ಕೇಳಿದ ಪ್ರತಿ ಪ್ರಶ್ನೆಗೂ ಡ್ರಾಯಿಂಗ್ ಬರೆದವರಿಗೆ ಒಂದು ಮಾರ್ಕು ಕಟ್. ಇಡೀ ಮಧ್ಯಾಹ್ನ ಆ ರೂಮಿನಲ್ಲಿ ಕೇಳ್ತಿದ್ದ ಮಾತು 'ಕೊಡಿ' ಅಲ್ಲ, 'ಯಾಕೆ ಹೀಗೆ ಮಾಡ್ದೆ?'.

ನಿಮ್ಮ ತಮ್ಮನೋ ತಂಗಿಯೋ ಇಂಥ ಕೋರ್ಸಿಗೆ ಹೊರಟಿದ್ದರೆ ಫೀಸು ಕಟ್ಟೋ ಮೊದಲು ಕೌನ್ಸೆಲರ್ ಹತ್ತಿರ ಎಷ್ಟು ಸಾಫ್ಟ್‌ವೇರ್ ಅಂತ ಕೇಳಬೇಡಿ. ಲ್ಯಾಬಿನಲ್ಲಿ ವರ್ನಿಯರ್ ಇದೆಯಾ ಕೇಳಿ. ಟ್ರೈನರ್ ಡ್ರಾಯಿಂಗಿನಿಂದ ಯಾವತ್ತಾದರೂ ಒಂದು ಪಾರ್ಟ್ ತಯಾರಾಗಿದೆಯಾ ಕೇಳಿ. ಹಳೇ ವಿದ್ಯಾರ್ಥಿಯ ಪ್ರಾಜೆಕ್ಟ್ ಫೈಲ್ ತೆರೆಸಿ, ಒಂದು ಅಳತೆ ಬದಲಾಯಿಸೋಕೆ ಹೇಳಿ, ಕೆಂಪು ಬರತ್ತಾ ನೋಡಿ. ಬರೀ ಬಟನ್ನುಗಳನ್ನ ಕಲಿಯೋದಕ್ಕಾದರೆ ಫ್ರೀಕ್ಯಾಡ್ ಅನ್ನೋ ಮುಕ್ತ ತಂತ್ರಾಂಶ ಇದೆ, 2024ರ ನವೆಂಬರಿನಲ್ಲಿ ಅದರ 1.0 ಆವೃತ್ತಿ ಬಂತು, ದುಡ್ಡಿಲ್ಲ ಕಾಸಿಲ್ಲ. ಸ್ಕೆಚ್ಚು, ಪ್ಯಾಡು, ಪಾಕೆಟ್ಟು ಎಲ್ಲಾ ಅದರಲ್ಲೂ ಅದೇ ಹೆಸರಿನಲ್ಲೇ ಇವೆ. ಎರಡು ತಿಂಗಳು ಮನೆಯಲ್ಲಿ ಅದರ ಜೊತೆ ಗುದ್ದಾಡಲಿ. ಉಳಿದ ದುಡ್ಡಲ್ಲಿ ಒಂದು ವರ್ನಿಯರ್ ಕೊಡಿಸಿ, ಒಂದಷ್ಟು ದಿನ ಯಾವುದಾದರೂ ಮೆಷಿನ್ ಶಾಪಿನ ಮೂಲೆಯಲ್ಲಿ ನಿಂತು ನೋಡೋಕೆ ಕಳಿಸಿ. ಪೀಣ್ಯದಲ್ಲಿ ಕೇಳಿದರೆ ಬೇಡ ಅನ್ನೋ ಮಾಲೀಕರು ಕಮ್ಮಿ. ಶೂ ಹಾಕ್ಕೊಂಡು ಹೋಗೋಕೆ ಹೇಳಿ, ಚಪ್ಪಲಿ ಬೇಡ. ಬಿಸಿ ಚಿಪ್ಸು ಕಾಲಿಗೆ ಬೀಳತ್ತೆ.