ಡಕೋಟಾದ ನೆರಳಲ್ಲಿ ಕಮಾಂಡೋ

ಡಕೋಟಾವನ್ನು ಹೊಗಳಲು ಹೊಸ ಮಾತು ಬೇಕಿಲ್ಲ. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಶ್ರೀನಗರಕ್ಕೆ ತಂದಿಳಿಸಿದ ಮೇಲೆ ನಮಗಂತೂ ಅದು ಮನೆಯ ವಿಮಾನ. ಆದರೆ ಎರಡನೇ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಚೀನಾದ ಕುನ್ಮಿಂಗ್‌ಗೆ ಪರ್ವತ ದಾಟಿದ ‘ಹಂಪ್’ ಮಾರ್ಗದ ಕೀರ್ತಿಯನ್ನೂ ಅದರ ಖಾತೆಗೇ ಬರೆಯುವುದು ಅನ್ಯಾಯ. 1943ರಿಂದ ಅಲ್ಲಿ ದೊಡ್ಡ ಹೊರೆಗೆ ಹೆಗಲು ಕೊಟ್ಟದ್ದು ಕರ್ಟಿಸ್ ಸಿ-46 ಕಮಾಂಡೋ.

ಅದರ ಒಡಲನ್ನು ಅಡ್ಡಲಾಗಿ ಸೀಳಿದರೆ 8ರ ಆಕಾರ ಕಾಣುತ್ತದೆ: ಒಂದರ ಮೇಲೊಂದು ಕೂತ ಎರಡು ದುಂಡುಗಳು, ಅವು ಕೂಡುವ ಸೊಂಟದಲ್ಲಿ ನೆಲ. ಎತ್ತರದಲ್ಲಿ ಪ್ರಯಾಣಿಕರಿಗೆ ಗಾಳಿಯೊತ್ತಡ ಕಾಯ್ದುಕೊಳ್ಳಲೆಂದು ಹೊಳೆದ ವಿನ್ಯಾಸವಿದು. ಯುದ್ಧ ಬಂದಾಗ ಒತ್ತಡದ ಏರ್ಪಾಟು ಹೋಯಿತು, ಹೊಟ್ಟೆ ಉಳಿಯಿತು. ಮೇಲೆ ಜೀಪು, ಕೆಳಗಿನ ದುಂಡಿನಲ್ಲೂ ಸರಕು. ಡಕೋಟಾದ ಎಂಜಿನ್ 1,200 ಅಶ್ವಶಕ್ತಿಯದಾದರೆ ಇದರದು 2,000. ಆ ಶಿಖರಗಳ ಮೇಲೆ ಈ ವ್ಯತ್ಯಾಸವೇ ಜೀವ.

ಇದನ್ನು ‘ಹಾರುವ ಶವಪೆಟ್ಟಿಗೆ’ ಎಂದು ತಳ್ಳಿಹಾಕುವ ವಿಮರ್ಶಕರೊಂದಿಗೆ ನನಗೆ ಜಗಳವಿದೆ. ದೋಷ ಇತ್ತು, ಭೀಕರವಾಗಿಯೇ ಇತ್ತು. ರೆಕ್ಕೆಯೊಳಗೆ ಸೋರಿದ ಪೆಟ್ರೋಲು ಹೊರಹೋಗಲು ದಾರಿಯಿಲ್ಲದೆ ಬುಡದಲ್ಲಿ ಮಡುಗಟ್ಟುತ್ತಿತ್ತು. ಒಂದು ಕಿಡಿ ಸಾಕಿತ್ತು. 1943ರ ಮೇ ತಿಂಗಳಿಂದ 1945ರ ಮಾರ್ಚ್‌ವರೆಗೆ ಹೀಗೆ ಆಕಾಶದಲ್ಲೇ ಹೊತ್ತಿಕೊಂಡ ಅಥವಾ ಸಿಡಿದ 31 ಪ್ರಕರಣಗಳು ವರದಿಯಾದವು. ಅಷ್ಟು ಹುಡುಗರ ಸಾವನ್ನು ಯಾರೂ ಹಗುರ ಮಾಡಲಾರರು. ಆದರೆ ತೂಗುವವರು ಒಂದೇ ತಕ್ಕಡಿ ಹಿಡಿಯಲಿ. ಡಕೋಟಾದ ಮೂಲವಾದ ಡಿಸಿ-3 ಹಾರಿದ್ದು 1935ರಲ್ಲಿ. ವರ್ಷಗಟ್ಟಲೆ ಪ್ರಯಾಣಿಕರನ್ನು ಹೊತ್ತು ತನ್ನ ತಪ್ಪುಗಳನ್ನು ಶಾಂತಿಯಲ್ಲಿ ತಿದ್ದಿಕೊಂಡಿತು. ಕಮಾಂಡೋದ ಮೂಲಮಾದರಿ 1940ರಲ್ಲಿ ಹಾರಿ, ಮೂರೇ ವರ್ಷಕ್ಕೆ ಈ ವಿಮಾನ ಮುಂಗಾರಿನ ಮೋಡಕ್ಕೂ ಹಿಮಕ್ಕೂ ಅನುಭವ ಸಾಲದ ಪೈಲಟ್‌ಗಳ ಕೈಗೂ ಬಿತ್ತು. ಅದರ ಪರೀಕ್ಷೆಯೇ ರಣರಂಗದಲ್ಲಿ ನಡೆಯಿತು.

1944ರಲ್ಲಿ ಹಂಪ್ ಮಾರ್ಗದ ಮುಖ್ಯಸ್ಥರಾಗಿ ವಿಲಿಯಂ ಟನ್ನರ್ ಬಂದು ದುರಸ್ತಿಯನ್ನು ಕಾರ್ಖಾನೆಯ ಸಾಲಿನಂತೆ ಶಿಸ್ತಿಗೆ ತಂದ ಮೇಲೆ ಸರಕು ಏರಿತು, ಅಪಘಾತದ ದರ ಇಳಿಯಿತು. ಅದರಲ್ಲಿ ನಾಲ್ಕು ಎಂಜಿನ್ನಿನ ಸಿ-54ರ ಪಾಲೂ ಇದೆ, ಒಪ್ಪುತ್ತೇನೆ. ಕಮಾಂಡೋದ ರೆಕ್ಕೆಯ ರೋಗಕ್ಕೆ ಕೊನೆಗೆ ಸಿಕ್ಕ ಮದ್ದು ಬುಡದಲ್ಲಿ ಗಾಳಿಯಾಡಲು ಬಿಟ್ಟ ಕಿಂಡಿ. ಅಷ್ಟಾದ ಮೇಲೆ ಇದೇ ಜಾತಿಯ ವಿಮಾನಗಳು 21ನೇ ಶತಮಾನದಲ್ಲೂ ಅಲಾಸ್ಕಾದ ದೂರದ ಹಳ್ಳಿಗಳಿಗೆ ಇಂಧನವನ್ನೇ ಹೊತ್ತು ಹಾರಿದವು.