ಬೊಲ್ಲಾರ್ಡ್ ಮುಗಿಯುವ ಜಾಗ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ, ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ 2020ರಲ್ಲಿ ಬೊಲ್ಲಾರ್ಡ್ ಕಂಬಗಳನ್ನು ನೆಟ್ಟು ಮಾಡಿದ ಸೈಕಲ್ ಪಥ ಯಾಕೆ ಉಳಿಯಲಿಲ್ಲ? ಬೈಕಿನವರು ನುಗ್ಗಿದರು, ಮೆಟ್ರೊ ಕಾಮಗಾರಿ ಬಂತು ಅನ್ನುತ್ತಾರೆ. ಎರಡೂ ನಿಜ. ಆದರೆ ಪಥ ಬೇರೆಯಾದರೆ ಸಾಕು, ಸವಾರ ಸುರಕ್ಷಿತ ಎಂಬ ನಂಬಿಕೆಯನ್ನು ಈ ಉತ್ತರ ಮುಟ್ಟುವುದೇ ಇಲ್ಲ. ನನ್ನ ತಕರಾರು ಇರುವುದು ಆ ನಂಬಿಕೆಯ ಬಗ್ಗೆ.

ಅಡ್ಡರಸ್ತೆ ಸೇರುವಲ್ಲಿ, ಸರ್ವಿಸ್ ರಸ್ತೆಗೆ ಇಳಿಯುವಲ್ಲಿ, ಟೆಕ್ ಪಾರ್ಕಿನ ಗೇಟಿನೆದುರು ಬೊಲ್ಲಾರ್ಡ್ ಸಾಲು ತುಂಡಾಗಲೇಬೇಕು. ಸೈಕಲ್ಲಿಗೆ ಕಾರು ಅಡ್ಡ ಬರುವುದೂ ಅಲ್ಲೇ. ಅಲ್ಲಿಯವರೆಗೆ ಕಂಬಗಳಾಚೆ ಇದ್ದ ಸವಾರನನ್ನು ಎಡಕ್ಕೆ ತಿರುಗುವ ಚಾಲಕ ಲೆಕ್ಕಕ್ಕೇ ಹಿಡಿದಿರುವುದಿಲ್ಲ. ಎದುರು ದಿಕ್ಕಿನಿಂದ ಬರುವ ಸೈಕಲ್ಲಿನ ಪಾಡು ಇನ್ನೂ ಕಷ್ಟ: ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವವರ ಕಣ್ಣೆಲ್ಲ ಬಲಗಡೆಯ ವಾಹನಗಳ ಮೇಲಿರುತ್ತದೆ. ಫಿನ್‌ಲ್ಯಾಂಡಿನ ಸಂಶೋಧಕರು ಅವರ ಬಲಬದಿ ಸಂಚಾರದಲ್ಲಿ ಇದೇ ತಪ್ಪನ್ನು ದಾಖಲಿಸಿದ್ದಾರೆ.

ಪ್ರತ್ಯೇಕ ಪಥದ ಪರ ಇರುವವರು ಮೊದಲು ಎತ್ತುವ ಹೆಸರು ಕೋಪನ್‌ಹೇಗನ್. ಅಲ್ಲಿ ಸಂಶೋಧಕ ಸೋರೆನ್ ಜೆನ್ಸನ್ ಪಥ ಆಗುವ ಮೊದಲಿನ ಮತ್ತು ಆಮೇಲಿನ ಅಂಕಿಗಳನ್ನು ಹೋಲಿಸಿದಾಗ, ಸೈಕಲ್ ಸಂಚಾರ ಶೇ. 20ರ ಹತ್ತಿರ ಹೆಚ್ಚಿತ್ತು. ಅಪಘಾತ ಜಂಕ್ಷನ್‌ಗಳ ನಡುವೆ ಇಳಿದು, ಜಂಕ್ಷನ್‌ಗಳಲ್ಲಿ ಏರಿತ್ತು. ಮೊದಲ ಅಂಕಿ ಎಲ್ಲರ ಬಾಯಲ್ಲಿದೆ, ಎರಡನೆಯದು ಯಾರಿಗೂ ಬೇಡ.

ಹಾಗೆಂದು ನಾನು ಜಾನ್ ಫಾರೆಸ್ಟರ್ ಪಕ್ಷ ಸೇರಲಾರೆ. ಸೈಕಲ್ಲಿನವರೂ ವಾಹನ ಚಾಲಕರಂತೆಯೇ ರಸ್ತೆ ಬಳಸಬೇಕು ಎಂದು ‘ಎಫೆಕ್ಟಿವ್ ಸೈಕ್ಲಿಂಗ್’ ಪುಸ್ತಕ ಬರೆದ ಅವರು ಬದುಕಿನುದ್ದಕ್ಕೂ ವಾದಿಸಿದರು. ಜಂಕ್ಷನ್ ಬಗ್ಗೆ ಅವರ ಕಣ್ಣು ಸೂಕ್ಷ್ಮ. ಆದರೆ ರಾತ್ರಿ ಪಾಳಿ ಮುಗಿಸಿ ಹೆದ್ದಾರಿಯಲ್ಲಿ ಮನೆಗೆ ಹೊರಟ ಸೆಕ್ಯುರಿಟಿ ಗಾರ್ಡ್‌ಗೆ, 80 ಕಿ.ಮೀ. ವೇಗದ ಲಾರಿ ಹಿಂದಿರುವಾಗ, ಈ ಉಪದೇಶ ಜೀವಕ್ಕೆ ಎರವು. ಅಲ್ಲಿ ಪ್ರತ್ಯೇಕ ಪಥ ಬೇಕೇ ಬೇಕು.

ಬೇಕು, ಆದರೆ ಅಡ್ಡರಸ್ತೆ ದಾಟುವ ವ್ಯವಸ್ಥೆಯ ಸಮೇತ. ಡಚ್ಚರು ಅಲ್ಲಿ ಪಥವನ್ನು ಮುಖ್ಯರಸ್ತೆಯಿಂದ ಒಳಕ್ಕೆ ಬಾಗಿಸಿ, ದಾಟುವ ಜಾಗವನ್ನು ಎತ್ತರಿಸುತ್ತಾರೆ. ತಿರುಗಿದ ಕಾರು ಉಬ್ಬು ಹತ್ತಲು ನಿಧಾನ ಮಾಡಲೇಬೇಕು. ಅಷ್ಟರಲ್ಲಿ ಅದರ ಮೂತಿ ನೇರವಾಗಿರುತ್ತದೆ, ಸೈಕಲ್ ಕಣ್ಣೆದುರೇ ಇರುತ್ತದೆ, ಹಿಂದಿನ ಗಾಡಿಗಳಿಗೆ ಅಡ್ಡವಾಗದೆ ನಿಲ್ಲಲು ಒಂದಿಷ್ಟು ಜಾಗವೂ ಸಿಗುತ್ತದೆ. ಮುಖ್ಯರಸ್ತೆಗೂ ಪಥಕ್ಕೂ ನಡುವಿನ ಈ ಅಂತರ 2ರಿಂದ 5 ಮೀಟರ್ ಇದ್ದಲ್ಲಿ ಅಪಘಾತ ಕಡಿಮೆ ಎಂದು ಅಲ್ಲಿನ ಅಧ್ಯಯನವೇ ಹೇಳುತ್ತದೆ.

ನಮ್ಮಲ್ಲಿ ಸೈಕಲ್ ಪಥವನ್ನು ಕಿಲೋಮೀಟರಿನಲ್ಲಿ ಘೋಷಿಸುತ್ತಾರೆ, ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಮುಂದಿನ ಪಥದ ನಕ್ಷೆ ಹೊರಬಂದಾಗ, ಸರ್ವಿಸ್ ರಸ್ತೆಗೆ ಇಳಿಯುವ ಒಂದೊಂದು ತಿರುವಿನಲ್ಲೂ ಸೈಕಲ್ಲನ್ನು ಹೇಗೆ ದಾಟಿಸುತ್ತೀರಿ ಎಂದು ಎಂಜಿನಿಯರುಗಳನ್ನು ಕೇಳಬೇಕು. ಉತ್ತರವಿಲ್ಲದಿದ್ದರೆ ಟೆಂಡರ್ ಕರೆಯಬಾರದು.